ಹೊಳೆ ಕೆಳಗಿಳಿದ ವರ್ಷ

ಫೆಬ್ರವರಿಯ ಕೊನೆಯ ವಾರ ಶಂಕರಮ್ಮನವರ ಪಂಪು ಸತತ ಮೂರನೆಯ ವರ್ಷವೂ ಕೈಕೊಟ್ಟಿತು.

ರೊಬಸ್ಟಾ ಕಾಫಿಯ ಕೊಯ್ಲು ಮುಗಿದು ಹಣ್ಣೆಲ್ಲ ಕಣದಲ್ಲಿ ಒಣಗುತ್ತಿತ್ತು. ಗಿಡಗಳ ಗೆಣ್ಣುಗೆಣ್ಣಿನಲ್ಲೂ ಮೊಗ್ಗು ಕೂತು ನೀರಿಗೆ ಕಾಯುತ್ತಿತ್ತು. ಈ ಹೊತ್ತಿನಲ್ಲಿ ಹದವಾದ ಒಂದು ಮಳೆ ಬಿದ್ದರೆ ಸರಿ. ಬೀಳದಿದ್ದರೆ ಹೊಳೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕಿ ತಾವೇ ಮಳೆ ಬರಿಸಬೇಕು. ನೀರು ಬಿದ್ದ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಬೀಳದಿದ್ದರೆ ಮುಂದಿನ ಬೆಳೆ ಮೊಗ್ಗಿನಲ್ಲೇ ಸುಟ್ಟುಹೋಗುತ್ತದೆ.

ಶಂಕರಮ್ಮ ಬೆಳಿಗ್ಗೆ ಏಳಕ್ಕೇ ಹೊಳೆ ದಡದ ಪಂಪ್‌ಹೌಸಿಗೆ ಇಳಿದು ಮೋಟಾರು ಹಾಕಿದರು. ಮೇಲೆ ತೋಟದಲ್ಲಿ ಸ್ಪ್ರಿಂಕ್ಲರಿನ ಜೆಟ್ಟು ಎರಡು ಸುತ್ತು ನೀರು ಚಿಮ್ಮಿತು. ಮೂರನೆಯ ಸುತ್ತಿಗೆ ಗೊರಗೊರ ಎಂದು ನಿಂತೇಬಿಟ್ಟಿತು. ಆದರೆ ಆಚೆ ದಡದಲ್ಲಿ ವಿಶಾಲಾಕ್ಷಮ್ಮನವರ ಹದಿನೈದು ಎಚ್‌ಪಿ ಮೋಟಾರು ಮಾತ್ರ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು.

"ಕುಡೀಲಿ, ಪೂರ್ತಿ ಹೊಳೇನೇ ಕುಡಿದು ಮುಗಿಸ್ಲಿ" ಎಂದು ಶಂಕರಮ್ಮ ಸೆರಗು ಬಿಗಿದರು.

ಅವರಿಬ್ಬರೂ ಒಂದೇ ಬೇಸಿಗೆಯಲ್ಲಿ ಮದುವೆಯಾಗಿ ಬಂದವರು. ಭದ್ರೆಯ ಈ ದಡಕ್ಕೆ ಶಂಕರಮ್ಮ, ಆ ದಡಕ್ಕೆ ವಿಶಾಲಾಕ್ಷಮ್ಮ. ಸೇತುವೆಯ ಮೇಲಿಂದ ಹೋದರೆ ಆರು ಕಿಲೋಮೀಟರು. ಆದರೆ ಬೇಸಿಗೆಯಲ್ಲಿ ಅಷ್ಟು ಸುತ್ತುವ ಕೆಲಸವೇ ಇರಲಿಲ್ಲ. ನೀರು ಇಳಿದಾಗ ಹೊಳೆಯ ನಡುವೆ ದೊಡ್ಡದೊಂದು ಮರಳ ದಿಬ್ಬ ಎದ್ದುಕೊಳ್ಳುತ್ತಿತ್ತು. ಎರಡೂ ಪಕ್ಕ ಮೊಣಕಾಲುದ್ದ ನೀರು. ಸೀರೆ ಸ್ವಲ್ಪ ಎತ್ತಿ ಹಿಡಿದರೆ ಐದು ನಿಮಿಷಕ್ಕೆ ಆಚೆ ಮನೆಯ ಜಗಲಿ. ಇವರು ಬಾಣಂತಿಯಾದಾಗ ಅವರು ಮೆಣಸಿನ ಸಾರು ತಂದರು, ಅವರ ಗಂಡ ತೀರಿಕೊಂಡಾಗ ಇವರು ಹದಿನೈದು ದಿನ ಅಲ್ಲೇ ಉಳಿದರು. ಅಂಥವರ ನಡುವೆ ಪಂಪು ಬಂದು ಕೂತಿತು. ನೀರು ಸಾಲದೆ ಬಂದ ಮೊದಲ ವರ್ಷ, ನಿಮ್ಮ ಮೋಟಾರು ದೊಡ್ಡದು ಎಂದು ಇವರು, ನಿಮ್ಮ ತೋಟಕ್ಕೆ ರಾತ್ರಿಹಗಲು ನೀರು ಎಂದು ಅವರು. ಎರಡನೆಯ ವರ್ಷ ಶಂಕರಮ್ಮನವರ ಮಗಳು ಕವನಾಳ ಮದುವೆ ಕಾಗದ ಆಚೆ ದಡಕ್ಕೆ ಅಂಚೆಯಲ್ಲಿ ಹೋಯಿತು. ಅಂಚೆಚೀಟಿ ನೋಡಿ ವಿಶಾಲಾಕ್ಷಮ್ಮ ಅತ್ತರೋ ನಕ್ಕರೋ ಯಾರಿಗೂ ತಿಳಿಯದು. ಮದುವೆಗಂತೂ ಬರಲಿಲ್ಲ.

ಈಗ ಶಂಕರಮ್ಮ ದಡದ ಅಂಚಿಗೆ ಬಂದು ಬಾಯಿಗೆ ಎರಡೂ ಕೈ ಹಿಡಿದು ಕೂಗಿದರು.

"ವಿಶಾಲಾಕ್ಷಮ್ಮೋರೇ! ಮೋಟ್ರು ನಿಲ್ಸೀ!"

ಆಚೆ ಪಂಪ್‌ಹೌಸಿನಿಂದ ವಿಶಾಲಾಕ್ಷಮ್ಮ ಹೊರಬಂದರು. ಜೊತೆಗೆ ಅವರ ಪಂಪು ನೋಡಿಕೊಳ್ಳುವ ವೆಂಕಟೇಶ.

"ಎಂತ? ಕೇಳಲ್ಲ!"

"ನಿಲ್ಸೀ ಅಂದೆ! ಹೊಳೆ ನಿಮ್ಮೊಬ್ರದ್ದಾ?"

ವಿಶಾಲಾಕ್ಷಮ್ಮ ಕೈ ಆಡಿಸುತ್ತ ಏನೋ ಹೇಳಿದರು. ಮೋಟಾರಿನ ಸದ್ದಿನಲ್ಲಿ "ನಮಗೂ" ಎಂಬುದೊಂದು ಕೇಳಿಸಿತು, ಉಳಿದದ್ದು ಕೇಳಲಿಲ್ಲ. ಕೈ ಆಡಿಸಿದ್ದನ್ನು ಮಾತ್ರ ಶಂಕರಮ್ಮ ಚೆನ್ನಾಗಿ ನೋಡಿದರು. ಹೋಗಾಚೆ ಎಂದಂತೆ ಕಂಡಿತು.

"ಇರಿ, ಅಲ್ಲಿಗೇ ಬರ್ತೀನಿ" ಎಂದವರೇ ಚಪ್ಪಲಿ ಬಿಟ್ಟು ಹೊಳೆಗೆ ಇಳಿದರು.

ಮೂರು ವರ್ಷದಿಂದ ಈ ದಾರಿ ತುಳಿದಿರಲಿಲ್ಲ. ಕಾಲಿಗೆ ದಾರಿ ನೆನಪಿತ್ತು, ಕಣ್ಣು ಆಚೆ ದಡದ ಮೇಲಿತ್ತು. ಇಪ್ಪತ್ತು ಹೆಜ್ಜೆ ಮೊಣಕಾಲುದ್ದ ನೀರು. ಆಮೇಲೆ ದಿಬ್ಬ ಸಿಗಬೇಕಿತ್ತು, ಸಿಗಲಿಲ್ಲ. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಬೈಗುಳವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದ ಶಂಕರಮ್ಮನವರಿಗೆ ಇದು ಎಂತ ಎಂದು ಅನ್ನಿಸುವಷ್ಟರಲ್ಲಿ ಕಾಲಡಿಯ ಮರಳು ಕುಸಿಯಿತು. ಮುಂದೆ ನೆಲವೇ ಇರಲಿಲ್ಲ.

ಒಮ್ಮೆ ಮುಳುಗಿ ಎದ್ದಾಗ ಆಕಾಶ ಕಂಡಿತು. ಇನ್ನೊಮ್ಮೆ ಎದ್ದಾಗ ವಿಶಾಲಾಕ್ಷಮ್ಮ ಕಂಡರು. ಅವರು ಸೀರೆ ಸಮೇತ ಎದೆಮಟ್ಟ ನೀರಿಗೆ ಇಳಿದು, ಇಪ್ಪತ್ತಡಿಯ ಸ್ಪ್ರಿಂಕ್ಲರ್ ಪೈಪೊಂದನ್ನು ಉದ್ದಕ್ಕೆ ಚಾಚಿ ನಿಂತಿದ್ದರು. ಹಿಂದಿನಿಂದ ವೆಂಕಟೇಶ ಅವರ ಸೊಂಟ ಹಿಡಿಯುವುದೋ ಪೈಪು ಹಿಡಿಯುವುದೋ ತೋಚದೆ ಎರಡನ್ನೂ ಹಿಡಿದಿದ್ದ.

"ಹಿಡ್ಕಳೇ ಶಂಕ್ರಿ! ಪೈಪ್ ಹಿಡ್ಕಳೇ!"

ಶಂಕ್ರಿ ಎಂದು ಅವರನ್ನು ಯಾರಾದರೂ ಕರೆದು ಎಷ್ಟು ವರ್ಷವಾಗಿತ್ತೋ. ಹಿಡಿದುಕೊಂಡರು. ಇಬ್ಬರೂ ಸೇರಿ ಅವರನ್ನು ದಡಕ್ಕೆ ಎಳೆದು ಹಾಕಿದರು. ಶಂಕರಮ್ಮ ಮಣ್ಣಿನ ಮೇಲೆ ಕೂತು ಕೆಮ್ಮಿ ಕೆಮ್ಮಿ, ಉಸಿರು ಬಂದ ಮೇಲೆ ಮೊದಲು ಹೇಳಿದ್ದು, "ಮೋಟ್ರು ನಿಲ್ಸಿ."

ವಿಶಾಲಾಕ್ಷಮ್ಮನವರಿಗೆ ನಗು ತಡೆಯಲಾಗಲಿಲ್ಲ. ಒದ್ದೆ ಸೀರೆಯಲ್ಲಿ ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಲ್ಸಿ ಆಯ್ತು ಮಾರಾಯ್ತಿ. ಅದ್ರಲ್ಲೂ ನೀರಿಲ್ಲ, ಬರೀ ಗಾಳಿ ಎಳೀತಿತ್ತು. ಅದನ್ನೇ ಕೈ ಆಡ್ಸಿ ಹೇಳಿದ್ದು ನಿಂಗೆ!"

ಅರ್ಧ ಗಂಟೆಯ ಮೇಲೆ ಶಂಕರಮ್ಮ ಆಚೆ ಮನೆಯ ಅಡುಗೆಮನೆಯಲ್ಲಿ, ಇನ್ನೊಬ್ಬರ ಸೀರೆ ಉಟ್ಟು, ಒಲೆ ಮುಂದೆ ಕೂತಿದ್ದರು. ವಿಶಾಲಾಕ್ಷಮ್ಮ ಬೆಲ್ಲದ ಕಾಫಿ ಮಾಡಿ ದೊಡ್ಡ ಲೋಟದಲ್ಲಿ ಕೊಟ್ಟರು.

"ಸೀರೆ ಚೆನ್ನಾಗಿದೆ" ಎಂದರು ಶಂಕರಮ್ಮ.

"ಕವನನ ಮದುವೆಗೆ ಅಂತ ತಗೊಂಡಿದ್ದೆ."

ಶಂಕರಮ್ಮ ಲೋಟ ಕೆಳಗಿಟ್ಟರು. ಆಗ ಹಿತ್ತಲ ಬಾಗಿಲಲ್ಲಿ ಕಲ್ಲೇಶ್ ಬಂದು ನಿಂತ. ಕಳಸದಲ್ಲಿ ಅವನದೊಂದು ಪಂಪ್ ರಿಪೇರಿ ಅಂಗಡಿ. ಹೊಳೆಯುದ್ದಕ್ಕೂ ಕೆಟ್ಟ ಮೋಟಾರನ್ನೆಲ್ಲ ಬಿಚ್ಚಿ ಜೋಡಿಸುವವನು ಅವನೇ. ವಿಶಾಲಾಕ್ಷಮ್ಮನವರ ಪಂಪು ನೋಡಲು ಬೈಕಿನಲ್ಲಿ ಬಂದವನು ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, ಶಂಕರಮ್ಮನವರನ್ನು ಈ ಮನೆಯಲ್ಲಿ ಕಂಡ ಆಶ್ಚರ್ಯವನ್ನು ಕಷ್ಟಪಟ್ಟು ನುಂಗಿಕೊಂಡ.

"ಮೋಟ್ರು ಸರಿ ಇದೆಯಮ್ಮ. ಕೆಟ್ಟಿರೋದು ಹೊಳೆ."

"ಅಂದ್ರೆ?"

"ಹೊಳೆ ಕೆಳಗೆ ಹೋಗಿದೆ. ಪೈಪಿನ ತುದೀಲಿರೋ ಫುಟ್‌ವಾಲ್ವ್ ಮುಕ್ಕಾಲು ಪಾಲು ನೀರಿಂದ ಮೇಲೆ ನೇತಾಡ್ತಿದೆ. ಗಾಳಿ ಎಳೆದೇ ಎಳೆಯುತ್ತೆ. ಶಂಕರಮ್ಮೋರ ಪಂಪಿಗೂ ಅದೇ ಕಾಯ್ಲೆ. ಹೋದ ವರ್ಷ ಇಬ್ರಿಗೂ ಪೈಪ್ ಉದ್ದ ಮಾಡಿ ಕೊಟ್ಟಿದ್ದು ನಾನೇ ಅಲ್ವ? ಆಗ ಹೇಳಿದ್ದೆ, ನೀವಿಬ್ರೂ ಕಿವಿಗೇ ಹಾಕ್ಕೊಂಡಿಲ್ಲ. ಅವ್ರು ನಿಮ್ಮನ್ನ ಬೈತಿದ್ರು, ನೀವು ಅವ್ರನ್ನ ಬೈತಿದ್ರಿ."

"ಹೊಳೆ ಹೆಂಗೋ ಕೆಳಗೆ ಹೋಗುತ್ತೆ?"

ಕಲ್ಲೇಶ್ ಮೂಲೆಯಲ್ಲಿದ್ದ ಅಕ್ಕಿ ಮೂಟೆ ತೋರಿಸಿದ. "ಮೂಟೆಯ ತಳಕ್ಕೆ ತೂತು ಮಾಡಿ ಅಕ್ಕಿ ತೆಗೀತಾ ಹೋಗಿ. ಮೇಲಿರೋ ಅಕ್ಕಿ ಇಳೀತದೋ ಇಲ್ವೋ? ಕೆಳಗಡೆ ವೀರೇಂದ್ರಣ್ಣ ಗುಂಡಿ ತೋಡಿ ಮರಳು ತೆಗೀತಾರೆ. ಆ ಗುಂಡಿ ತುಂಬಕ್ಕೆ ಮೇಲಿನ ಮರಳು ಜಾರಿ ಹೋಗುತ್ತೆ. ಮರಳು ಹೋದಂಗೆ ಹೊಳೆ ತಳ ಇಳೀತದೆ, ನೀರೂ ಇಳೀತದೆ. ಆಮೇಲೆ ಅವ್ರ ಮರಳು ಅಗಿಯೋ ಹಿಟಾಚಿ ಇನ್ನೂ ಮೇಲಕ್ಕೆ ಬರುತ್ತೆ. ಈಗ ನಿಮ್ಮ ದಿಬ್ಬದವರೆಗೂ ಬಂದಿದೆ. ಶಂಕರಮ್ಮೋರು ಬಿದ್ದಿದ್ದು ಹೋದ ತಿಂಗಳು ನೀವೆಲ್ಲ ಕೊಯ್ಲಲ್ಲಿದ್ದಾಗ ತೋಡಿದ ಗುಂಡಿಗೆ."

ಶಂಕರಮ್ಮನವರಿಗೆ ಒಂದೊಂದೇ ನೆನಪಾಗತೊಡಗಿತು. ಹೋದ ಮಳೆಗಾಲ ದಡ ಕುಸಿದು ಮೆಣಸಿನ ಬಳ್ಳಿ ಹಬ್ಬಿದ ನಾಲ್ಕು ಸಿಲ್ವರ್ ಓಕ್ ಮರ ಹೊಳೆ ಪಾಲಾಗಿದ್ದವು. ಕೆಳಗಿನ ಸೇತುವೆಯ ಕಂಬದ ಬುಡ ಹಲ್ಲಿನ ಬೇರಿನಂತೆ ಹೊರಗೆ ಕಾಣುತ್ತಿತ್ತು. ಬಾವಿಯಲ್ಲಿ ಸಂಕ್ರಾಂತಿಗೇ ತಳ ಕಾಣುತ್ತಿತ್ತು. ಇವನ್ನೆಲ್ಲ ಒಂದೊಂದು ಬೇರೆ ಬೇರೆ ಕಷ್ಟ ಎಂದು ಎಣಿಸಿ, ಒಟ್ಟಿಗೆ ಆಚೆ ದಡದ ಲೆಕ್ಕಕ್ಕೆ ಹಾಕಿದ್ದರು.

"ಅವ್ನಿಗೆ ಹೊಳೆಗಿಳಿಯಕ್ಕೆ ದಾರಿ ಕೊಟ್ಟಿದ್ಯಾರು?" ಎಂದು ವಿಶಾಲಾಕ್ಷಮ್ಮ ಕೇಳಿದರು.

ಶಂಕರಮ್ಮ ಒಲೆ ನೋಡಿದರು. "ನಾವೇ. ನಮ್ಮ ತೋಟದ ಕೆಳಗಿನ ದಾರಿ. ಜಲ್ಲಿ ಹಾಕಿ ಕೊಡ್ತೀನಿ, ಕಣಕ್ಕೆ ಸಿಮೆಂಟು ಮಾಡಿಸಕ್ಕೆ ಬೇಕಾದ ಮರಳೂ ಹಾಕ್ತೀನಿ ಅಂದ. ಇವ್ರು ಹೂಂ ಅಂದ್ರು, ನಾನೂ ಹೂಂ ಅಂದೆ. ನಮ್ಮ ಕಣ ಪೂರ್ತಿ ಇದೇ ಹೊಳೆ ಮರಳು."

ವಿಶಾಲಾಕ್ಷಮ್ಮ ಬೈಯಬಹುದಿತ್ತು. ಬದಲಿಗೆ ಎದ್ದು ಕಿಟಕಿ ತೆಗೆದು ಹೊರಗೆ ಬೆರಳು ತೋರಿಸಿದರು. ಅಂಗಳದ ಆಚೆ ಹೊಸದಾಗಿ ಕಟ್ಟಿಸಿದ ನಾಲ್ಕು ಕೋಣೆ, ಮುಂದೆ ಬಣ್ಣದ ಬೋರ್ಡು: ಮರಳದಂಡೆ ಹೋಮ್‌ಸ್ಟೇ.

"ಹೋದ ವಾರ ಬೆಂಗ್ಳೂರಿಂದ ಒಂದು ಸಂಸಾರ ಬಂದಿತ್ತು. ಆ ಚಿಕ್ಕ ಹುಡುಗಿ ಕೇಳ್ತು, ಅಜ್ಜಿ, ಮರಳು ಎಲ್ಲಿ ಅಂತ. ನಾನು ಎಂತ ಹೇಳ್ಲಿ? ಗೋಡೆ ಒಳಗಿದೆ ಪುಟ್ಟಿ, ನೀನು ಅದರ ಒಳಗೇ ಮಲಗಿದ್ದೆ ಅಂತ ಹೇಳ್ಲಾ?"

ಮೊದಲು ನಕ್ಕಿದ್ದು ಶಂಕರಮ್ಮ. ಆಮೇಲೆ ಇಬ್ಬರೂ. ಕಲ್ಲೇಶ್ ನಗಬೇಕೋ ಬೇಡವೋ ತಿಳಿಯದೆ ಕಾಫಿ ಕುಡಿದ.

ಅದೇ ಮಧ್ಯಾಹ್ನ ಮಂಜಯ್ಯನವರು ಜೀಪಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದರು. ಶಂಕರಮ್ಮನವರ ಗಂಡ ಮೃದು ಮನುಷ್ಯ. ಮನೆಯಲ್ಲಿ ಜಗಳ ಶುರುವಾದರೆ ಮೆಣಸಿನ ಬಳ್ಳಿ ನೋಡಿ ಬರುತ್ತೇನೆಂದು ತೋಟಕ್ಕೆ ಹೋಗಿಬಿಡುವವರು. ಆ ತೋಟದಲ್ಲಿರುವಷ್ಟು ಚೆನ್ನಾಗಿ ನೋಡಿಕೊಂಡ ಮೆಣಸಿನ ಬಳ್ಳಿ ಸುತ್ತಮುತ್ತ ಇಲ್ಲ. ಅವರು ಬಂದರೆ ಇಬ್ಬರು ಹೆಂಗಸರೂ ಒಟ್ಟಿಗೆ ಜೀಪು ಹತ್ತಿದರು. "ನಡೀರಿ, ವೀರೇಂದ್ರನ ಹತ್ರ" ಎಂದರು.

ವೀರೇಂದ್ರ ಹೊಳೆ ದಡದಲ್ಲೇ ಇದ್ದ. ಹಿಟಾಚಿ ಮರಳು ಎತ್ತಿ ಟಿಪ್ಪರಿಗೆ ಸುರಿಯುತ್ತಿತ್ತು. ಕೆಟ್ಟವನೇನಲ್ಲ. ಊರಿನ ಶಾಲೆಯ ಕಾಂಪೌಂಡಿಗೆ ಮರಳು ಹೊಡೆಸಿದವನು, ಯಾರ ಮನೆಯ ಸಾವಿಗೂ ಮೊದಲು ಬಂದು ನಿಲ್ಲುವವನು. ಅವನಿಗೆ ಪರವಾನಗಿ ಇದ್ದದ್ದು ಬಹಳ ಕೆಳಗೆ ಒಂದು ಕಡೆ, ತೆಗೆಯುತ್ತಿದ್ದದ್ದು ನಾಲ್ಕು ಕಡೆ. ಅದು ಎಲ್ಲರಿಗೂ ಗೊತ್ತಿತ್ತು, ಎಲ್ಲರ ಮನೆಗೂ ಅವನ ಮರಳೇ ಹೋಗಿದ್ದರಿಂದ ಯಾರೂ ಕೇಳಿರಲಿಲ್ಲ.

"ಅಕ್ಕ, ನಾನು ಬಿಟ್ರೆ ಕೆಲ್ಸ ನಿಲ್ಲುತ್ತಾ?" ಎಂದ ಅವನು. "ಗುಡ್ಡದ ಮೇಲೆಲ್ಲ ಹೋಮ್‌ಸ್ಟೇ ಏಳ್ತಿದೆ. ಪ್ಯಾಟೇಲಿ ಮನೆ ಮೇಲೆ ಮನೆ. ಮೇಸ್ತ್ರಿಗಳು ಹೊಳೆ ಮರಳೇ ಬೇಕು, ಬೇರೆ ಮುಟ್ಟಲ್ಲ ಅಂತಾರೆ. ಕೇಳೋರು ಇದ್ರೆ ಕೊಡೋರೂ ಇರ್ತಾರೆ. ಮಳೆಗಾಲದಲ್ಲಿ ಹೊಳೆ ಮತ್ತೆ ತಂದು ಹಾಕುತ್ತೆ ಬಿಡಿ."

"ಹೊಳೆ ಒಂದು ಮಳೆಗಾಲ ಪೂರ್ತಿ ತರೋದನ್ನ ನೀನು ಒಂದು ವಾರದಲ್ಲಿ ಹೊತ್ಕೊಂಡು ಹೋಗ್ತೀಯಲ್ಲೋ" ಎಂದರು ವಿಶಾಲಾಕ್ಷಮ್ಮ. "ಇವತ್ತು ಇವಳು ಹೋಗಿಬಿಡ್ತಿದ್ಲು, ಗೊತ್ತಾ?"

ವೀರೇಂದ್ರನ ಮುಖ ಸಣ್ಣದಾಯಿತು. ಆದರೆ ಟಿಪ್ಪರು ತುಂಬುವುದು ನಿಲ್ಲಲಿಲ್ಲ. "ಎರಡು ತಿಂಗಳು ಬಿಡಿ ಅಕ್ಕ. ಒಪ್ಪಿಕೊಂಡಿರೋದು ಮುಗಿಸಿ ನಿಲ್ಲಿಸ್ತೀನಿ. ದಾರಿ ಕೊಟ್ಟವ್ರು ಮಂಜಣ್ಣ. ಅವರು ಬೇಡ ಅಂದ್ರೆ ಈಗ್ಲೇ ನಿಲ್ಲಿಸ್ತೀನಿ. ಹೇಳ್ಲಿ ನೋಡೋಣ."

ಎಲ್ಲರೂ ಮಂಜಯ್ಯನವರನ್ನು ನೋಡಿದರು. ಮಂಜಯ್ಯನವರು ಆಕಾಶ ನೋಡಿದರು, ಹಿಟಾಚಿ ನೋಡಿದರು, ಕೊನೆಗೆ, "ಮೋಡ ಆಗೋ ಹಂಗೆ ಕಾಣುತ್ತೆ, ಕಣದಲ್ಲಿ ಕಾಫಿ ಇದೆ" ಎಂದು ಜೀಪಿನ ಕಡೆ ನಡೆದರು. ಶಂಕರಮ್ಮನವರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮಾರನೆಯ ಬೆಳಿಗ್ಗೆ ಅವರು ಎದ್ದು ಹೊರಗೆ ಬಂದರೆ ಗಂಡ ಇರಲಿಲ್ಲ. ಅರ್ಧ ಕಣ ಖಾಲಿ. ಮುಕ್ಕಾಲು ಒಣಗಿದ ಕಾಫಿ ಹಣ್ಣನ್ನು ಯಾರೋ ಎತ್ತಿಕೊಂಡು ಹೋದಂತಿತ್ತು. ಗಾಬರಿಯಿಂದ ಕೆಳಗೆ ಇಳಿದು ಹೋದರೆ ಮಂಜಯ್ಯನವರು ಇಬ್ಬರು ಆಳುಗಳನ್ನು ಕಟ್ಟಿಕೊಂಡು ಹೊಳೆ ದಾರಿಯ ಮೇಲೆ, ಈ ಅಂಚಿನಿಂದ ಆ ಅಂಚಿಗೆ, ಟಾರ್ಪಲಿನ್ ಹಾಸಿ ಕಾಫಿ ಹರವುತ್ತಿದ್ದರು. ಕಾಲಿನಿಂದ ಸಾಲು ಎಳೆಯುತ್ತ, ಒಂದೇ ಮಟ್ಟಕ್ಕೆ ಬರುವಂತೆ, ಬಹಳ ಶ್ರದ್ಧೆಯಿಂದ.

"ಎಂತ ಮಾಡ್ತಿದೀರ್ರೀ?"

"ಜಗಳ ಆಡಕ್ಕೆ ನಂಗೆ ಬರಲ್ಲ" ಎಂದರು ಮಂಜಯ್ಯನವರು ತಲೆ ಎತ್ತದೆ. "ಕಾಫಿ ಒಣಗಿಸಕ್ಕೆ ಬರುತ್ತೆ."

ಶಂಕರಮ್ಮ ಅಷ್ಟು ವರ್ಷದ ಸಂಸಾರದಲ್ಲಿ ಗಂಡನನ್ನು ಅಂಥ ಅಭಿಮಾನದಿಂದ ನೋಡಿದ್ದು ಅದೇ ಮೊದಲೇನೋ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ತಾವೂ ಕಾಫಿಗೆ ಇಳಿದರು.

ಎಂಟು ಗಂಟೆಗೆ ಮೊದಲ ಟಿಪ್ಪರು ಬಂತು. ಕಾಫಿಯ ಅಂಚಿಗೆ ಬಂದು ಬ್ರೇಕು ಹಾಕಿತು. ಡ್ರೈವರು ಇಳಿದು ನೋಡಿದ. ಹಾಸನದ ಕಡೆಯವನಾದರೂ ನಾಲ್ಕು ವರ್ಷದಿಂದ ಈ ಸೀಮೆಯಲ್ಲಿದ್ದವನು. ಯಾರದೇ ಕಾಫಿಯ ಮೇಲೆ ಗಾಡಿ ಹತ್ತಿಸುವುದೆಂದರೆ ಬಡಿಸಿದ ಎಲೆಯನ್ನು ತುಳಿದ ಹಾಗೆ ಎಂದು ಅವನಿಗೆ ಗೊತ್ತಿತ್ತು. ಇಂಜಿನ್ ಆರಿಸಿ ಬೀಡಿ ಹಚ್ಚಿದ. ಎರಡನೆಯ ಟಿಪ್ಪರು ಬಂದು ಅದರ ಹಿಂದೆ ನಿಂತಿತು, ಮೂರನೆಯದು ಅದರ ಹಿಂದೆ. ಹತ್ತು ಗಂಟೆಗೆ ವೀರೇಂದ್ರ ಬಂದ.

"ಮಂಜಣ್ಣ, ಏನಣ್ಣ ಇದು?"

"ಕಾಫಿ."

"ಅದು ಕಾಣ್ತದೆ. ದಾರಿ ಮೇಲೆ ಯಾಕೆ?"

"ಬಿಸಿಲು ಚೆನ್ನಾಗಿದೆ ಇಲ್ಲಿ. ನೀನೇ ಜಲ್ಲಿ ಹಾಕಿಸಿ ಕೊಟ್ಟಿದ್ದಲ್ವ, ತೇವ ನಿಲ್ಲಲ್ಲ. ಒಳ್ಳೆ ಕೆಲ್ಸ ಮಾಡಿದ್ದೆ."

ವೀರೇಂದ್ರ ಕೆನ್ನೆ ಕೆರೆದುಕೊಂಡ. "ಎಷ್ಟು ದಿನ ಬೇಕು ಒಣಗಕ್ಕೆ?"

"ಹದಿನೈದು ದಿನ."

"ಆಮೇಲೆ?"

"ಆಮೇಲೆ ಮೆಣಸು."

"ಮೆಣಸಾದ್ಮೇಲೆ?"

ಮಂಜಯ್ಯನವರು ಯೋಚಿಸುತ್ತ ಹೆಂಡತಿಯ ಕಡೆ ನೋಡಿದರು. "ಹಲಸಿನ ಹಪ್ಪಳ" ಎಂದರು ಶಂಕರಮ್ಮ. "ಈ ವರ್ಷ ಜಾಸ್ತಿ ಹಾಕ್ಬೇಕು ಅಂತಿದೀನಿ."

"ಹಪ್ಪಳ ಆದ್ಮೇಲೆ?"

"ಆಮೇಲೆ ಮಳೆ ಬರುತ್ತೆ ಕಣಪ್ಪ."

ಟಿಪ್ಪರಿನ ಡ್ರೈವರು ಬೀಡಿ ಹೊಗೆ ನೆತ್ತಿಗೇರಿ ಕೆಮ್ಮುವಷ್ಟು ನಕ್ಕ. ವೀರೇಂದ್ರ ಅವನನ್ನು ಗದರಿಸಲು ತಿರುಗಿದವನು ತಾನೂ ತುಟಿ ಕಚ್ಚಿಕೊಂಡ. ಅಷ್ಟರಲ್ಲಿ ಸೇತುವೆ ಸುತ್ತಿಕೊಂಡು ವಿಶಾಲಾಕ್ಷಮ್ಮನವರ ಪಿಕಪ್ಪು ಬಂತು. ಅದರ ತುಂಬ ಅವರ ಕಾಫಿ ಮೂಟೆ. ಆರು ಕಿಲೋಮೀಟರು ಸುತ್ತಿ ತಂದ ಕಾಫಿಯನ್ನು ವೆಂಕಟೇಶ ಒಂದೊಂದೇ ಮೂಟೆ ಬಿಚ್ಚಿ ಸುರಿದ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿತು. ಬಾವಿ ಬತ್ತಿದವರು, ದಡ ಕುಸಿದು ತೋಟ ಕಳೆದುಕೊಂಡವರು, ಸುಮ್ಮನೆ ನೋಡಲು ಬಂದವರು, ಎಲ್ಲರೂ ಒಂದೊಂದು ಮೂಟೆ ಹೊತ್ತು ತಂದರು. ಸಂಜೆಗೆ ಮುಖ್ಯರಸ್ತೆಯಿಂದ ಹೊಳೆಯವರೆಗೆ ಇಡೀ ದಾರಿ ಕಂದು ಕಂಬಳಿಯಾಯಿತು. ಯಾರ ಕಾಫಿ ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಗುತ್ತದೆಂದು ಗುರುತಿಗೆ ಸೊಪ್ಪಿನ ಗೆರೆ ಹಾಕಿದರು. ಕಾಫಿ ತಿರುವಿಹಾಕಲು ಬಂದ ಹೆಂಗಸರಿಗೆ ಶಂಕರಮ್ಮ ಅಲ್ಲೇ ಮರದ ಕೆಳಗೆ ಒಲೆ ಹೂಡಿ ಅಕ್ಕಿರೊಟ್ಟಿ ಸುಟ್ಟರು. ಎರಡನೆಯ ದಿನ ಡ್ರೈವರುಗಳೂ ರೊಟ್ಟಿಗೆ ಕೂತರು. ಮೂರನೆಯ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕಟ್ಟಿದಾಗ ಟಾರ್ಪಲಿನ್ ಎಳೆಯಲು ಓಡಿ ಬಂದವರಲ್ಲಿ ಅದೇ ಡ್ರೈವರು ಮೊದಲಿಗ. ಎರಡನೆಯವನು ವೀರೇಂದ್ರ. ಅವನಿಗೂ ನಾಲ್ಕು ಎಕರೆ ತೋಟವಿತ್ತು. ಕಾಫಿ ನೆನೆಯುವುದನ್ನು ನೋಡಿಕೊಂಡು ಸುಮ್ಮನೆ ನಿಲ್ಲಲು ಅವನ ಕೈಲೂ ಆಗಲಿಲ್ಲ.

ಮಳೆ ಬರಲಿಲ್ಲ, ನಾಲ್ಕು ಹನಿ ಉದುರಿಸಿ ಹೋಯಿತು. ಟಾರ್ಪಲಿನ್ ಮೇಲೆ ಕಲ್ಲಿಡುತ್ತ ವೀರೇಂದ್ರ ಹೇಳಿದ: "ನನ್ನ ತೋಟದ ಬಾವೀಲೂ ನೀರಿಲ್ಲ ಅಕ್ಕ. ಮನೇಲಿ ದಿನಾ ಬೈತಾಳೆ."

"ಮತ್ತೆ ಅವಳ ಮಾತಾದ್ರೂ ಕೇಳ್ಬಾರ್ದೇನೋ?" ಎಂದರು ಶಂಕರಮ್ಮ.

"ಕೇಳ್ತೀನಿ" ಎಂದ.

ಅವನು ಹಿಟಾಚಿ ವಾಪಸು ಕರೆಸಿಕೊಂಡ. ಊರವರೂ ಅಷ್ಟಕ್ಕೇ ಬಿಡಲಿಲ್ಲ. ಪಂಚಾಯಿತಿಯಲ್ಲಿ ಬರೆಸಿ, ಕಳಸಕ್ಕೆ ಹೋಗಿ ಅರ್ಜಿ ಕೊಟ್ಟು, ಅಧಿಕಾರಿಗಳು ಬಂದು ಗುಂಡಿಗಳ ಫೋಟೋ ತೆಗೆದುಕೊಂಡು ಹೋಗುವಂತೆ ಮಾಡಿದರು. ಮತ್ತೆ ಟಿಪ್ಪರು ಇಳಿಯದಂತೆ ದಾರಿಯ ಹೊಳೆ ತುದಿಗೆ ಆಳದ ಚರಂಡಿ ಹೊಡೆಸಿದರು. ವೀರೇಂದ್ರನ ಟಿಪ್ಪರುಗಳು ಮೂಡಿಗೆರೆ ಕಡೆಯ ಕ್ರಷರಿನಿಂದ ಬಂಡೆ ಪುಡಿ ಮಾಡಿದ ಎಂ-ಸ್ಯಾಂಡ್ ಹೊಡೆಯತೊಡಗಿದವು. "ಹೊಳೆ ಬಿಟ್ಟು ಬೆಟ್ಟ ಹಿಡ್ಕೊಂಡ್ಯಾ?" ಎಂದು ವಿಶಾಲಾಕ್ಷಮ್ಮ ಕೇಳಿದರು. "ಮನೆ ಕಟ್ಟೋದು ಕಡಿಮೆ ಮಾಡಿ ಅಂತ ನೀವೇ ಹೇಳಿ ಎಲ್ರಿಗೂ" ಎಂದ ಅವನು. ಐದನೆಯ ಕೋಣೆಗೆ ಪಾಯ ತೋಡಿಸಿದ್ದ ವಿಶಾಲಾಕ್ಷಮ್ಮ ಆ ಪಾಯದಲ್ಲಿ ಮಣ್ಣು ತುಂಬಿಸಿ ಬಾಳೆ ನೆಟ್ಟರು.

ಇಷ್ಟೆಲ್ಲ ಆದರೂ ಮೊಗ್ಗಿಗೆ ನೀರು ಬೇಕಿತ್ತು. ಹೊಳೆ ಒಂದೇ ವಾರದಲ್ಲಿ ಮೇಲೇಳುವುದಿಲ್ಲ. ದಾರಿ ಹುಡುಕಿಕೊಟ್ಟವನು ಕಲ್ಲೇಶ್.

"ಹೇಗೂ ಶಂಕರಮ್ಮೋರು ಬಿದ್ದ ಗುಂಡಿ ಇದೆಯಲ್ಲ. ಸುತ್ತಮುತ್ತ ಅಷ್ಟು ನೀರು ನಿಂತಿರೋದು ಅಲ್ಲೊಂದೇ. ಫುಟ್‌ವಾಲ್ವ್ ಅದರೊಳಗೇ ಇಳಿಸೋಣ. ಆದರೆ ಎರಡು ಮೋಟ್ರು ಹಾಕಿದ್ರೆ ಅರ್ಧ ಗಂಟೆಗೆ ಖಾಲಿ. ಒಂದೇ ಹಾಕ್ಬೇಕು, ಪಾಳಿ ಮೇಲೆ ಎರಡೂ ತೋಟಕ್ಕೆ ಬಿಡ್ಬೇಕು."

"ಯಾರ ಮೋಟ್ರು?" ಎಂದು ಇಬ್ಬರೂ ಒಟ್ಟಿಗೆ ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿನ್ನದೇ ಚಿಕ್ಕದು, ನಿಧಾನಕ್ಕೆ ಎಳೆಯುತ್ತೆ" ಎಂದರು ವಿಶಾಲಾಕ್ಷಮ್ಮ. "ನನ್ನ ಪೈಪು ಹಾಕೋಣ."

ಹಾಗೆಯೇ ಆಯಿತು. ಶಂಕರಮ್ಮನವರ ಹತ್ತು ಎಚ್‌ಪಿ, ವಿಶಾಲಾಕ್ಷಮ್ಮನವರ ಪೈಪು. ಎರಡು ಗಂಟೆ ಓಡಿಸಿ ಒಂದು ಗಂಟೆ ಗುಂಡಿ ತುಂಬಲು ಬಿಡುವುದು. ಮೊದಲ ನಾಲ್ಕು ದಿನ ಆಚೆ ತೋಟಕ್ಕೆ, ಆಮೇಲೆ ನಾಲ್ಕು ದಿನ ಈಚೆಗೆ. ಮೊದಲು ಆಚೆಗೆ ಎಂದು ಹಟ ಹಿಡಿದವರು ಶಂಕರಮ್ಮ. ಜೆಟ್ಟು ತಿರುಗಿ ಮೊದಲ ನೀರು ಎಲೆಗಳ ಮೇಲೆ ಚಟಚಟ ಬಿದ್ದಾಗ ವಿಶಾಲಾಕ್ಷಮ್ಮ ಅದರ ಕೆಳಗೇ ಹೋಗಿ ನಿಂತು ನೆನೆದರು. ನೆಗಡಿಯಾಯಿತು. ಶಂಕರಮ್ಮ ಮೆಣಸಿನ ಸಾರು ಮಾಡಿ ಕಳಿಸಿದರು, ಸೇತುವೆ ಸುತ್ತಿ, ಬಿಸಿ ಆರದಂತೆ ಟವೆಲು ಸುತ್ತಿ.

ಮಾರ್ಚ್ ಮೂರನೆಯ ವಾರ ಆಚೆ ದಡ ಹೂವಾಯಿತು. ಬೆಳಿಗ್ಗೆ ಎದ್ದು ಬಾಗಿಲು ತೆಗೆದ ಶಂಕರಮ್ಮನವರಿಗೆ ಮೊದಲು ಬಂದದ್ದು ಪರಿಮಳ, ಆಮೇಲೆ ಜೇನ್ನೊಣದ ಸದ್ದು. ಹೊಳೆಯ ಆಚೆ ಗುಡ್ಡದ ಬುಡದಿಂದ ನೆತ್ತಿಯವರೆಗೆ ಮರಗಳ ನೆರಳಲ್ಲಿ ಬಿಳಿಯೋ ಬಿಳಿ. ನಾಲ್ಕು ದಿನಕ್ಕೆ ಈಚೆ ದಡವೂ ಅರಳಿತು. ಆಚೆಯದು ಬಾಡುವ ಮೊದಲೇ ಈಚೆಯದು ಅರಳಿದ್ದರಿಂದ ಒಂದು ದಿನವಂತೂ ಹೊಳೆಯ ಎರಡೂ ಪಕ್ಕ ಒಂದೇ ತೋಟದ ಹಾಗೆ ಕಂಡಿತು. ಆ ದಿನ ಕವನಾ ಗಂಡನ ಜೊತೆ ತವರಿಗೆ ಬಂದಿದ್ದಳು. ಅವರಿಬ್ಬರನ್ನೂ ಶಂಕರಮ್ಮ ಆಚೆ ಮನೆಗೆ ಕರೆದೊಯ್ದರು. ವಿಶಾಲಾಕ್ಷಮ್ಮ ಮದುಮಕ್ಕಳಿಗೆ ಮಾಡುವಂತೆ ಆರತಿ ಎತ್ತಿ, ಬಾಳೆಯೆಲೆಯ ಮೇಲೆ ಕಡುಬು ಬಡಿಸಿ, ಅಳಿಯನ ಕೈಗೆ ಪಂಚೆ ಇಟ್ಟರು. "ಒಂದು ವರ್ಷ ತಡ ಆಯ್ತು ಮಗಾ, ಬೇಜಾರು ಮಾಡ್ಕೋಬೇಡ" ಎಂದರು. ಕವನಾ, "ಇನ್ನೊಂದು ಕಡುಬು ಹಾಕಿ ದೊಡ್ಡಮ್ಮ" ಎಂದಳು.

ಆ ವರ್ಷ ಮಳೆ ಚೆನ್ನಾಗಿಯೇ ಹೊಡೆಯಿತು. ಜೂನಿನಿಂದ ಸೆಪ್ಟೆಂಬರಿನವರೆಗೆ ಭದ್ರೆ ಕೆಂಪಗೆ, ದಡ ತುಂಬಿ, ಮರದ ದಿಮ್ಮಿಗಳನ್ನು ಹೊತ್ತು ಓಡಿತು. ನವೆಂಬರಿನಲ್ಲಿ ನೀರು ತಿಳಿಯಾಗಿ ಇಳಿದಾಗ ಗುಂಡಿ ಅರ್ಧ ತುಂಬಿತ್ತು. ತಿರುವಿನಲ್ಲಿ, ಎರಡು ಜೀಪು ನಿಲ್ಲಿಸುವಷ್ಟು ಜಾಗದಲ್ಲಿ, ಹೊಸ ಮರಳು ಕೂತಿತ್ತು. ಮೊದಲಿನಂತಾಗಲು ಹತ್ತು ವರ್ಷವಾದರೂ ಬೇಕು, ಅದೂ ಮೇಲೆ ಕೆಳಗೆ ಯಾರೂ ಕೈ ಹಾಕದಿದ್ದರೆ ಎಂದು ಕಲ್ಲೇಶ್ ಎಚ್ಚರಿಸಿದ. ಆದರೂ ನೋಡಿಕೊಂಡು ಬರೋಣವೆಂದು ಇಬ್ಬರು ಹೆಂಗಸರೂ ಒಂದು ಬೆಳಿಗ್ಗೆ ದಡ ಹಿಡಿದು ತಿರುವಿಗೆ ಹೋದರು.

ಮರಳು ಇನ್ನೂ ಒದ್ದೆಯಾಗಿತ್ತು. ಅದರ ಮೇಲೆ ಸಾಲಾಗಿ ಹೆಜ್ಜೆ, ಪಕ್ಕದಲ್ಲಿ ಮೀನಿನ ಹುರುಪೆ.

"ನಾಯಿ ಬಂದಿತ್ತು ಅನ್ಸುತ್ತೆ" ಎಂದರು ಶಂಕರಮ್ಮ.

ವಿಶಾಲಾಕ್ಷಮ್ಮ ಬಗ್ಗಿ ನೋಡಿದರು. "ನಾಯಿಗೆ ಬೆರಳ ಮಧ್ಯೆ ಚರ್ಮ ಇರುತ್ತೇನೇ? ಅಲ್ಲಿ ನೋಡು!"

ನೀರಿನ ನಡುವೆ ಬಂಡೆಯ ಪಕ್ಕ ಒಂದು ಚಪ್ಪಟೆ ತಲೆ ಎದ್ದಿತು. ಹಿಂದೆಯೇ ಇನ್ನೊಂದು, ಆಮೇಲೆ ಎರಡು ಸಣ್ಣವು. ನೀರುನಾಯಿಗಳು. ದೊಡ್ಡದು ಮೀನು ಕಚ್ಚಿಕೊಂಡು ಮರಳಿಗೆ ಏರಿ ಮೈ ಒದರಿತು. ಮರಿಗಳೆರಡೂ ಅದರ ಬಾಯಿಗೇ ಬಾಯಿ ಹಾಕಿ ಕಿಚಕಿಚ ಎಂದು ಕಿತ್ತಾಡಿ, ಉರುಳಾಡಿ, ಮೈಯೆಲ್ಲ ಮರಳು ಮಾಡಿಕೊಂಡವು. ಮದುವೆಯಾಗಿ ಬಂದ ಮೊದಲ ವರ್ಷಗಳಲ್ಲಿ ಕಂಡದ್ದು, ಆಮೇಲೆ ಈ ತಿರುವಿನಲ್ಲಿ ಯಾರೂ ಅವನ್ನು ಕಂಡಿರಲಿಲ್ಲ.

"ಅಯ್ಯೋ, ಆ ಚಿಕ್ಕದು ನೋಡೇ!" ಎಂದು ಶಂಕರಮ್ಮ ಕೂಗಲು ಬಾಯಿ ತೆಗೆದರು. ವಿಶಾಲಾಕ್ಷಮ್ಮ ಕೈಯಿಂದ ಅವರ ಬಾಯಿ ಮುಚ್ಚಿದರು.

"ಶ್... ಮೆಲ್ಲಗೆ ಮಾರಾಯ್ತಿ. ಓಡಿಹೋಗ್ತವೆ."

ಇಬ್ಬರೂ ಅತ್ತಿಮರದ ಬುಡದಲ್ಲಿ ಮಂಡಿ ಮಡಿಸಿ ಕೂತರು. ಬಿಸಿಲು ಏರಿ, ಮರಿಗಳು ತಿಂದು ದಣಿದು ಮರಳ ಮೇಲೆ ಒಂದರ ಮೇಲೊಂದು ಮಲಗುವವರೆಗೂ ಅಲ್ಲಿಂದ ಏಳಲಿಲ್ಲ.